ಮತ್ತೆ ಆ ಶೆಡ್ಡು, ಮತ್ತೆ ಆ ಮರಳು

ಮನೆ 14 (ರಾತ್ರಿ 1:40): ಯಾರಾದರೂ ಎದ್ದಿದ್ದೀರಾ? ಮಲಗಿದವರು ಯಾರಾದರೂ ಇದ್ದರೆ ಪುಣ್ಯವಂತರು. ಹಿಂದಿನ ಶೆಡ್ಡಿನವನು ಮತ್ತೆ ಬ್ಲಾಸ್ಟಿಂಗ್ ಶುರು ಮಾಡಿದ್ದಾನೆ, ಅದೇ ತುಕ್ಕು ತೆಗೆಯೋಕೆ ಕಬ್ಬಿಣಕ್ಕೆ ಗಾಳಿಯ ರಭಸದಲ್ಲಿ ಮರಳು ಹೊಡೆಯೋದು. ಹೋದ ಸಲ ಅಷ್ಟು ಜಗಳ ಆಯಿತಲ್ಲ, ಹತ್ತಕ್ಕೆ ನಿಲ್ಲಿಸುತ್ತೇನೆ ಅಂದಿದ್ದು ಏನಾಯಿತು?

ಮನೆ 9 (ಬೆಳಿಗ್ಗೆ 6:05): ಒಣಹಾಕಿದ ಬಟ್ಟೆ ಕೊಡವಿದರೆ ಮರಳು ಉದುರುತ್ತಿದೆ. ಕಾರಿನ ಗಾಜಿನ ಮೇಲೂ ಕೂತಿದೆ.

ಮನೆ 22: ವೈಪರ್ ಹಾಕಬೇಡಿ, ಗೀರು ಬೀಳುತ್ತೆ. ಮೊದಲು ನೀರು ಸುರಿಯಿರಿ.

ಮನೆ 3: 🌹 ಶುಭೋದಯ. ಬಾಯ್ತುಂಬ ನಗಿ, ನೂರು ವರ್ಷ ಬದುಕಿ 🌹 (ಫಾರ್ವರ್ಡ್)

ಮನೆ 9: ಬಾಯಿ ತೆರೆದರೆ ಮರಳು ಹೋಗುತ್ತೆ ಸರ್.

ಮನೆ 31: ನಾನು ಪೇಂಟ್ ಶಾಪಿನಲ್ಲಿ ದುಡಿದವನು, ಹೇಳುತ್ತೇನೆ ಕೇಳಿ. ಕಣ್ಣಿಗೆ ಕಾಣುವ ಮರಳಿಗಿಂತ ಕಾಣದ ದೂಳೇ ಕೆಟ್ಟದ್ದು. ಮರಳು ಕಬ್ಬಿಣಕ್ಕೆ ಬಡಿದು ಪುಡಿಯಾಗುತ್ತೆ, ಅದರ ಸಿಲಿಕಾ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ. ಆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಸಿಲಿಕೋಸಿಸ್ ಅಂತಾರೆ, ಬಂದರೆ ವಾಸಿಯಾಗಲ್ಲ. ಬ್ರಿಟನ್ನಿನಲ್ಲಿ 1950ರ ಸುಮಾರಿಗೇ ಬ್ಲಾಸ್ಟಿಂಗ್‌ಗೆ ಮರಳು ನಿಷೇಧ ಆಗಿದೆ. ನಮಗಿಂತ ಮೊದಲು ಸಾಯೋದು ಅಲ್ಲಿ ಕೆಲಸ ಮಾಡುವ ಹುಡುಗ. ಮುಖಕ್ಕೆ ಬರೀ ಕರ್ಚೀಫು! ಶೆಡ್ ಮುಚ್ಚಿಸೋದು ಬೇಡ. ಮರಳು ಬಿಟ್ಟು ಗಾರ್ನೆಟ್ ಅನ್ನೋ ಗಟ್ಟಿ ಖನಿಜದ ಹರಳು ಬಳಸಲಿ, ಮುಚ್ಚಿದ ಕೋಣೆಯಲ್ಲಿ ಮಾಡಲಿ, ದೂಳು ಎಳೆಯುವ ಫಿಲ್ಟರ್ ಹಾಕಲಿ, ಹುಡುಗನಿಗೆ ಹೊರಗಿನ ಗಾಳಿ ಬರುವ, ತಲೆ-ಮುಖ ಮುಚ್ಚುವ ಹುಡ್ ಕೊಡಲಿ.

ಮನೆ 17: ಎಲ್ಲಕ್ಕೂ ಕಾರಣ ಹಳೇ ಕಮಿಟಿ!! ನಾನು ಆಗಲೇ ಹೇಳಿದ್ದೆ.

ಮನೆ 6: ಒಪ್ಪಿಗೆ ಪತ್ರದಲ್ಲಿ ಮೊದಲ ಸಹಿ ನಿಮ್ಮದೇ.

ಮನೆ 17: ನಾನು ಸಹಿ ಹಾಕಿದ್ದು ವೆಲ್ಡಿಂಗ್‌ಗೆ. ಬ್ಲಾಸ್ಟಿಂಗ್‌ಗೆ ಅಲ್ಲ!!

ಮನೆ 14: ಜಗಳ ಆಮೇಲೆ. ರಾತ್ರಿ ಅಲ್ಲಿದ್ದ ಜೀಪಿನ ಚಾಸಿ ಯಾರದು?

ಮನೆ 17: ಯಾರದಾದರೇನು? ತುಕ್ಕು ತೆಗೆದ ಕಬ್ಬಿಣ ಹಾಗೇ ಬಿಟ್ಟರೆ ಥಂಡಿಗೆ ಬೆಳಗಾಗೋದರೊಳಗೆ ಮತ್ತೆ ತುಕ್ಕು ಹಿಡಿಯುತ್ತೆ. ಪ್ರೈಮರ್ ರಾತ್ರಿಯೇ ಹೊಡೀಬೇಕಿತ್ತು.

ಮನೆ 22: ಓಹೋ 😂

ಮನೆ 31: ಬಾನೆಟ್ಟನ್ನೂ ಕೊಟ್ಟಿಲ್ಲ ತಾನೇ? ಜೋರಾಗಿ ಹೊಡೆದರೆ ತೆಳು ತಗಡು ಡೊಂಕಾಗುತ್ತೆ.

ಮನೆ 17: ...ಡೊಂಕಾದರೆ ಸರಿ ಮಾಡೋಕೆ ಆಗುತ್ತಾ?

ಮನೆ 14: ಭಾನುವಾರ 10ಕ್ಕೆ ಶೆಡ್ ಹತ್ತಿರ ಸೇರೋಣ. ಬರುವವರು ನಂಬರ್ ಹಾಕಿ. 14...

ಮನೆ 31: 14, 31

ಮನೆ 9: ಮರಳಿನ ಲಾರಿ ಮೂಲೆಯ ಚರಂಡಿ ಚಪ್ಪಡಿ ಮುರಿದು ಹಾಕಿದೆ, ನೋಡಿದಿರಾ?

ಮನೆ 17: ಅಲ್ಲಿ ಮಕ್ಕಳು ಓಡಾಡ್ತಾರೆ! ಮೊದಲು ಅದು ಆಗಲಿ. ನಾನೇ ಮುಂದೆ ನಿಲ್ತೀನಿ.

ಮನೆ 6: 👍

ಮನೆ 22: 👍

ಮನೆ 3: ಭಾನುವಾರ ನಾನೂ ಬರ್ತೀನಿ. ಚಪ್ಪಡಿ ವಿಷಯಕ್ಕೆ ತಾನೇ?