ದೊಡ್ಡಮ್ಮ ಅಲ್ಲಾಡಿರಲಿಲ್ಲ

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಹೊಸ ಲೆನ್ಸ್ ತಂದು ನಾಲ್ಕು ದಿನ ಆಯಿತು, ಫೋಟೋದ ಎಡಗಡೆ ಮಾತ್ರ ಮಬ್ಬು, ಸರ್ವಿಸ್‌ಗೆ ಕೊಡಲಾ ಅಂತ ಕೇಳಿದ್ದೀಯ ಅಲ್ವಾ? ಕೊಡಬೇಡ. ಮೊದಲು ಬಿಲ್ ತೆಗೆದು, ವಾಪಸ್ ಕೊಡಲು ಇನ್ನೆಷ್ಟು ದಿನ ಉಳಿದಿದೆ ನೋಡು. ಸರ್ವಿಸ್‌ನಲ್ಲಿ ಲೆನ್ಸ್ ಕೂತಿರುವಾಗ ಆ ದಿನಗಳು ಸುಮ್ನೆ ಕಳೆದುಹೋಗುತ್ತವೆ.

ನಾನು ಏಮಾರಿದ್ದು ಅಲ್ಲೇ. ನನ್ನ 35 ಎಂಎಂ ಲೆನ್ಸ್ ಗೊತ್ತಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಬಲತುದಿಯ ದೊಡ್ಡಮ್ಮ ಪ್ರತಿ ಸಲ ಮಬ್ಬು. "ನೀವು ಅಲ್ಲಾಡುತ್ತೀರಿ" ಅಂತ ಅವರ ಮೇಲೇ ರೇಗಿದ್ದೆ. ಒಂದು ದಿನ ಅವರು ಸಿಟ್ಟಾಗಿ ನಡುವೆ ಬಂದು ನಿಂತರು. ಓಲೆಯ ಕಲ್ಲುಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ! ಬಲತುದಿಗೆ ಸರಿದ ಚಿಕ್ಕಪ್ಪ ಮಬ್ಬು. ಅಷ್ಟರಲ್ಲಿ ಎರಡು ತಿಂಗಳು ಆಗಿತ್ತು. ಸರ್ವಿಸ್‌ನವರು "ಕಂಪನಿ ಹೇಳಿದ ಮಿತಿಯೊಳಗೇ ಇದೆ" ಅಂತ ಬರೆದು ಹಾಗೇ ವಾಪಸ್ ಕಳಿಸಿದರು.

ಲೆನ್ಸ್ ಒಳಗೆ ಹಲವು ಗಾಜು ಇರುತ್ತವೆ. ಅದರಲ್ಲಿ ಒಂದು ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಒಂದು ಬದಿ ಹೋಯಿತು. ಡಿಸೆಂಟರಿಂಗ್ ಅನ್ನುತ್ತಾರೆ. ಆದರೆ ತಪ್ಪು ಲೆನ್ಸಿನದೇ ಅಂತ ಮೊದಲು ಖಾತ್ರಿ ಮಾಡಿಕೋ. ಮನೆ ಗೋಡೆಯ ಫೋಟೋ ತೆಗೆದು ಪರೀಕ್ಷೆ ಮಾಡಬೇಡ, ನೀನೇ ಸ್ವಲ್ಪ ಓರೆ ನಿಂತಿದ್ದರೂ ಒಂದು ಬದಿ ಮಬ್ಬು ಬರುತ್ತದೆ. ದೂರದ ಉದ್ದನೆಯ ಕಟ್ಟಡ ಒಂದನ್ನು ಆರಿಸಿಕೋ. ಕಿಟಕಿ ಕಟ್ಟೆ ಮೇಲೆ ದಿಂಬು ಇಟ್ಟು ಕ್ಯಾಮೆರಾ ಇಡು. ಫಿಲ್ಟರ್ ಬಿಚ್ಚು, ಕೈ ನಡುಕ ಸರಿಮಾಡುವ ಸ್ಟೆಬಿಲೈಸೇಶನ್ ಆಫ್ ಮಾಡು, 2 ಸೆಕೆಂಡ್ ಟೈಮರ್ ಹಾಕು. ಅಪರ್ಚರ್, ಅಂದರೆ ಬೆಳಕು ಬರುವ ಕಂಡಿ, ಪೂರ್ತಿ ತೆರೆದಿರಲಿ, ಎಫ್ 8ರಷ್ಟು ಕಿರಿದು ಮಾಡಿದರೆ ದೋಷ ಅಡಗಿಕೊಳ್ಳುತ್ತದೆ. ನಡುವೆ ಫೋಕಸ್ ಮಾಡಿ, ಅದು ಬದಲಾಗದ ಹಾಗೆ ಫೋಕಸ್ಸನ್ನು ಮ್ಯಾನುವಲ್‌ಗೆ ಹಾಕಿ, ಒಂದು ಫೋಟೋ ತೆಗಿ. ಆಮೇಲೆ ಏನನ್ನೂ ಬದಲಿಸದೆ ಕ್ಯಾಮೆರಾ ತಲೆಕೆಳಗು ಮಾಡಿ ಅದೇ ಕಟ್ಟಡ ಇನ್ನೊಂದು ಸಲ. ಈಗ ಕಟ್ಟಡದ ಇನ್ನೊಂದು ತುದಿ ಮಬ್ಬಾದರೆ ಹೆಚ್ಚಾಗಿ ಲೆನ್ಸೇ ಕಳ್ಳ. ಮೊದಲಿನ ತುದಿಯೇ ಮಬ್ಬಾಗಿದ್ದರೆ ಲೆನ್ಸನ್ನು ಬೈಯಬೇಡ. ನಿನ್ನದು ಜೂಮ್ ಅಲ್ವಾ, ಜೂಮ್ ಪೂರ್ತಿ ಹಿಂದೆ ಇಟ್ಟು ಒಂದು ಸಲ, ಪೂರ್ತಿ ಮುಂದೆ ಇಟ್ಟು ಒಂದು ಸಲ ಮಾಡಿ ನೋಡು.

ನಾಲ್ಕೂ ಮೂಲೆ ಒಂದೇ ಥರ ಸ್ವಲ್ಪ ಮಂಕಾದರೆ, ಕತ್ತಲಾದರೆ, ಅದು ಲೆನ್ಸಿನ ವಿನ್ಯಾಸವೇ ಹಾಗೆ. ಒಳಗೆ ಒಂದೆರಡು ಧೂಳಿನ ಕಣ ಕಂಡರೂ ತಲೆ ಕೆಡಿಸಿಕೊಳ್ಳಬೇಡ, ಫೋಟೋದಲ್ಲಿ ಕಾಣುವುದಿಲ್ಲ.

ಅಂಗಡಿಯವರು "ದೊಡ್ಡ ಕಂಪನಿ ಲೆನ್ಸಲ್ಲಿ ಹಾಗೆಲ್ಲ ಆಗಲ್ಲ" ಅಂದರೆ ನಂಬಬೇಡ. 2005ರಲ್ಲಿ ಕ್ಯಾನನ್‌ನ 24-105 ಎಂಎಂ ಎಲ್ ಅನ್ನುವ ದುಬಾರಿ ಲೆನ್ಸಿನ ಮೊದಮೊದಲ ಪೀಸುಗಳಲ್ಲೇ ಫ್ಲೇರ್, ಅಂದರೆ ಬೆಳಕು ಒಳಗೆ ಪ್ರತಿಫಲಿಸಿ ಫೋಟೋದಲ್ಲಿ ಕಲೆ ಬೀಳುವ ತೊಂದರೆ ಬಂದು, ಕಂಪನಿಯೇ ಪುಕ್ಕಟೆ ಸರಿಮಾಡಿಕೊಟ್ಟಿತ್ತು. ಜಗಳ ಬೇಡ, ಎರಡು ಫೋಟೋ ತೋರಿಸಿ ಬೇರೆ ಪೀಸ್ ಕೇಳು. ಬಾಕ್ಸ್, ಮುಚ್ಚಳ, ವಾರಂಟಿ ಕಾರ್ಡ್ ಯಾವುದನ್ನೂ ಎಸೆದಿಲ್ಲ ತಾನೇ? ಬದಲಿ ಬಂದದ್ದನ್ನೂ ಅವತ್ತೇ ತಲೆಕೆಳಗು ಮಾಡಿ ನೋಡು.

ಹಾಂ, ಫೋಟೋಗಳನ್ನು ಇಲ್ಲಿ ಸುಮ್ನೆ ಹಾಕಬೇಡ, ಗ್ರೂಪಿನಲ್ಲಿ ಚಿಕ್ಕದಾಗಿ ಎಲ್ಲವೂ ಮಬ್ಬಾಗಿಯೇ ಕಾಣುತ್ತವೆ. ನನಗೆ ಬೇರೆಯಾಗಿ, ಡಾಕ್ಯುಮೆಂಟ್ ಮಾಡಿ ಕಳಿಸು. ರಾತ್ರಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತೇನೆ.