ಫೈಲ್‌ಗಳೆಲ್ಲ ಲಾಕ್ ಆಗಿವೆ, 980 ಡಾಲರ್ ಕೇಳುತ್ತಿದ್ದಾರೆ. ಅನುಭವ ಇದ್ದವರು ಹೇಳಿ

ಹಾಸನದಿಂದ: ನಿನ್ನೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಒಂದನ್ನು ಹಾಕಿದೆ. ಬೆಳಿಗ್ಗೆ ನೋಡಿದರೆ ಪ್ರತಿ ಫೈಲಿನ ಹೆಸರಿಗೂ ನಾಲ್ಕು ಅಕ್ಷರದ ಬಾಲ, ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಅನ್ನೋ ಚೀಟಿ. 72 ಗಂಟೆಯೊಳಗಾದರೆ 490 ಡಾಲರ್, ಆಮೇಲೆ 980 ಅಂತೆ. ದುಡ್ಡು ಕಟ್ಟಲಾ, ಫಾರ್ಮ್ಯಾಟ್ ಮಾಡಲಾ?

ಸ್ಟುಡಿಯೊ, ಶಿವಮೊಗ್ಗ: ಫಾರ್ಮ್ಯಾಟ್ ಮಾತ್ರ ಬೇಡ ಸಾರ್. ಇದು ಸ್ಟಾಪ್ ಡೇಜಾವು, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್. ನನಗೆ 2020ರಲ್ಲಿ ಬಂದಿತ್ತು. ಮೂರು ಮದುವೆ, ಒಂದು ಗೃಹಪ್ರವೇಶ ಹೋಯಿತು. ರಿಕವರಿಯವನಿಗೆ 8,500, ಬೆಂಗಳೂರಿಗೆ ಎರಡು ಸಲ ಓಡಾಡಿದ್ದಕ್ಕೆ 1,900, ಒಬ್ಬರಿಗೆ ಅಡ್ವಾನ್ಸ್ ವಾಪಸ್ 15,000. ಫೋಟೋ ಒಂದೂ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅದು ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟೇ ಲಾಕ್ ಮಾಡುತ್ತದೆ. ಅದೇ ಕ್ಯಾಮೆರಾದ ಒಳ್ಳೆ ಕ್ಲಿಪ್ ಒಂದನ್ನು ಜೊತೆಗಿಟ್ಟು ವಿಡಿಯೊ ರಿಪೇರಿ ಮಾಡಿದೆ. ಧಾರೆಯ ವಿಡಿಯೊ ಓಡಿದಾಗ ರಾತ್ರಿ ಎರಡೂವರೆ. ಮನೆಯವಳನ್ನು ಎಬ್ಬಿಸಿ ತೋರಿಸಿದೆ.

ಉಬುಂಟು, ಮೈಸೂರು: ಕ್ರ್ಯಾಕ್ ಹಾಕೋಕೆ ವಿಂಡೋಸಿನ ಆ್ಯಂಟಿವೈರಸ್ ಡಿಫೆಂಡರ್ ಆಫ್ ಮಾಡಿದ್ದು ಯಾರು? ನಾನು 2017ರಲ್ಲಿ ವನ್ನಾಕ್ರೈ ಅನ್ನೋ ಇಂಥದೇ ವೈರಸ್ ಬಂದ ವಾರವೇ ವಿಂಡೋಸ್ ಬಿಟ್ಟು ಉಬುಂಟು ಲಿನಕ್ಸಿಗೆ ಬಂದೆ. ಪ್ರಿಂಟರ್ ಓಡಿಸೋಕೆ ನಾಲ್ಕು ಭಾನುವಾರ ಹೋಯಿತು, ನಿಜ. ಒಂದು ರೂಪಾಯಿ ಹೋಗಿಲ್ಲ.

ನಿವೃತ್ತ ಟೀಚರ್, ಧಾರವಾಡ: ನಾನು ಬ್ಯಾಕಪ್ ಇಟ್ಟಿದ್ದೆ. ಆದರೆ ಆ ಹಾರ್ಡ್‌ಡಿಸ್ಕ್ ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು, ಅದೂ ಲಾಕ್ ಆಯಿತು. ಮೊಮ್ಮಗನ ಮೊದಲ ವರ್ಷದ ಫೋಟೋಗಳು. ಎಮ್ಸಿಸಾಫ್ಟ್ ಕಂಪನಿಯ ಉಚಿತ ಡಿಕ್ರಿಪ್ಟರ್, ಅಂದರೆ ಲಾಕ್ ಬಿಡಿಸುವ ಸಾಫ್ಟ್‌ವೇರ್, 2019ರಿಂದ ಇದೆ, ಆಫ್‌ಲೈನ್ ಕೀ (ವೈರಸ್‌ಗೆ ಇಂಟರ್ನೆಟ್ ಸಿಗದಾಗ ಬಳಸುವ, ಹಲವರಿಗೆ ಒಂದೇ ಆಗಿರುವ ಕೀ) ಆಗಿದ್ದರೆ ತೆರೆಯುವ ಸಾಧ್ಯತೆ ಇದೆ. ನನ್ನದು ಆನ್‌ಲೈನ್ ಕೀ, ಅದು ಒಬ್ಬೊಬ್ಬರಿಗೆ ಒಂದೊಂದು. ಡಿಸ್ಕ್ ಬೀರುವಿನಲ್ಲಿ ಹಾಗೇ ಇದೆ. ಮರುವಾರ ನನ್ನ ಮೇಲ್‌ಗೂ ಯಾರೋ ನುಗ್ಗಿದರು. ಪಾಸ್‌ವರ್ಡೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಾಯಿಸಿ ಮಗಾ.

ಡಿಟಿಪಿ, ದಾವಣಗೆರೆ: ಉಬುಂಟು ಸ್ವಾಮಿಗಳೇ, ವನ್ನಾಕ್ರೈಗೆ ಪ್ಯಾಚ್, ಅಂದರೆ ಅದನ್ನು ತಡೆಯುವ ವಿಂಡೋಸ್ ಅಪ್‌ಡೇಟ್, ಆ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಂಡಿದ್ದೆ, ನನಗೆ ಏನೂ ಆಗಲಿಲ್ಲ. ನನ್ನ ಕಾಟ ಗಿರಾಕಿಗಳ ಪೆನ್‌ಡ್ರೈವ್. ಚುಚ್ಚಿದ ಕೂಡಲೇ ಫೋಲ್ಡರೆಲ್ಲ ಶಾರ್ಟ್‌ಕಟ್. ಫೈಲ್ ಒಳಗೇ ಹಿಡನ್ ಆಗಿರುತ್ತದೆ, ಅಟ್ರಿಬ್ ಕಮಾಂಡ್ ಕೊಟ್ಟರೆ ಕಾಣುತ್ತದೆ. ನಮ್ಮ ಹುಡುಗ ಅವಸರದಲ್ಲಿ ಫಾರ್ಮ್ಯಾಟ್ ಮಾಡಿ ಒಬ್ಬಳ ಇಡೀ ಥೀಸಿಸ್ ಕಳೆದ. ಮತ್ತೆ ಟೈಪ್ ಮಾಡಿಕೊಟ್ಟೆ, 212 ಪುಟ.

ಉಬುಂಟು, ಮೈಸೂರು: ನನ್ನ ಲಿನಕ್ಸಿನಲ್ಲಿ ಆ ಶಾರ್ಟ್‌ಕಟ್ ಓಡುವುದೇ ಇಲ್ಲ. ಹಳೇ ನುಡಿ ಫಾಂಟಿಗೆ ಅಂಟಿಕೊಂಡಿದ್ದೀರಿ, ಅದಕ್ಕೇ ವಿಂಡೋಸ್ ಬಿಡೋಕಾಗಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಓಡುವ ಯೂನಿಕೋಡ್ ಕನ್ನಡಕ್ಕೆ ಬನ್ನಿ.

ಡಿಟಿಪಿ, ದಾವಣಗೆರೆ: ಬಂದು ನೋಡಿದ್ದೇನೆ. ನಮ್ಮ ಪ್ರೆಸ್ಸಿಗೆ ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರಿನ ಫೈಲೇ ಬೇಕು, ಅದರಲ್ಲಿ ಯೂನಿಕೋಡ್ ಓಡಲ್ಲ. ಯೂನಿಕೋಡಿನಿಂದ ನುಡಿಗೆ ಕನ್ವರ್ಟ್ ಮಾಡಿ ಕೊಟ್ಟಾಗ ವರನ ಹೆಸರು ಕೃಷ್ಣಮೂರ್ತಿಯಲ್ಲಿ ವಟ್ರಸುಳಿ ಕಿತ್ತುಹೋಯಿತು. 300 ಲಗ್ನಪತ್ರಿಕೆ ಮತ್ತೆ ಹಾಕಿಸಿದೆ, ಕೈಯಿಂದ 4,200.