ಪದಚರ್ಚೆ: ‘ಡಿಕಂಟಾಮಿನೇಷನ್’ ಜಾಗದ ಬೋರ್ಡಿಗೆ ಕನ್ನಡ ಬೇಕು, ತುರ್ತು

ಮಡಿಕೇರಿಯಿಂದ:

ಎಲ್ಲರಿಗೂ ನಮಸ್ಕಾರ. ಸಂಪಾಜೆ ಕಡೆಯ ಘಾಟಿ ರಸ್ತೆಯಲ್ಲಿ ಟ್ಯಾಂಕರ್ ಮಗುಚಿ ಅನಿಲ ಸೋರಿದರೆ ಯಾರು ಏನು ಮಾಡಬೇಕು ಅಂತ ಒಂದು ಅಣಕು ಪ್ರದರ್ಶನ ಇಟ್ಟುಕೊಂಡಿದ್ದಾರೆ. ಬೋರ್ಡು, ಕರಪತ್ರ ಕನ್ನಡಕ್ಕೆ ತರುವ ಕೆಲಸ ನನ್ನದು. ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಮುಖ್ಯವಾಗಿ ಬೇಕಿರುವುದು ‘ಡಿಕಂಟಾಮಿನೇಷನ್’ಗೆ. ರಾಸಾಯನಿಕ ಮೈಮೇಲೆ ಬಿದ್ದವರನ್ನು ಆಸ್ಪತ್ರೆ ಒಳಗೆ ಬಿಡುವ ಮೊದಲೇ ಬಟ್ಟೆ ತೆಗೆಸಿ, ಮೈ ಒರೆಸಿ, ತೊಳೆಸುವ ಜಾಗ ಇರುತ್ತದಲ್ಲ, ಅದರ ಮುಂದೆ ನಿಲ್ಲಿಸುವ ಬೋರ್ಡ್. ನನಗೆ ಸಿಕ್ಕ ಹಳೇ ಕಡತದಲ್ಲಿ ‘ಸೋಂಕು ನಿವಾರಣಾ ಕೇಂದ್ರ’ ಅಂತಿದೆ. ಯಾಕೋ ಒಪ್ಪಿಗೆಯಾಗುತ್ತಿಲ್ಲ. ಜೊತೆಗೆ ‘ಎಕ್ಸ್‌ಪೋಸ್ಡ್’ ಆದವರನ್ನು, ಅಂದರೆ ರಾಸಾಯನಿಕ ಸಂಪರ್ಕಕ್ಕೆ ಬಂದವರನ್ನು, ಏನೆನ್ನಬೇಕು? ಹೊರಗೆ ಓಡದೆ ಇದ್ದಲ್ಲೇ ಒಳಗಿರಿ ಅನ್ನುವ ‘ಶೆಲ್ಟರ್ ಇನ್ ಪ್ಲೇಸ್’ಗೆ ಏನು? ಅಪಾಯ ಹೆಚ್ಚಿರುವ ಜಾಗದಿಂದ ಕಡಿಮೆ ಇರುವ ಜಾಗದವರೆಗೆ ಹಾಟ್, ವಾರ್ಮ್, ಕೋಲ್ಡ್ ಅಂತ ಮೂರು ಜೋನ್ ಬೇರೆ ಇವೆ. ‘ಬಿಸಿ ವಲಯ’ ಅಂತ ಬರೆದರೆ ಬೆಂಕಿ ಬಿದ್ದಿದೆ ಅಂದುಕೊಳ್ಳುತ್ತಾರೆ.

ಓದುವವರು ತೋಟದ ಲೈನ್ ಮನೆಯವರು (ಕೂಲಿಕಾರರ ಸಾಲುಮನೆ), ಶಾಲೆ ಮಕ್ಕಳು, ಲಾರಿಯವರು. ದಯವಿಟ್ಟು ಇವತ್ತೇ ಹೇಳಿ.

ಮೈಸೂರಿನಿಂದ:

‘ಸೋಂಕು ನಿವಾರಣೆ’ಯಲ್ಲಿ ತಪ್ಪೇನಿಲ್ಲ. ಸೋಂಕು ಎಂಬುದು ಅಚ್ಚಗನ್ನಡದ ಕ್ರಿಯಾಪದ. ಮುಟ್ಟು, ತಾಗು ಅಂತ ಅರ್ಥ. ಹಳಗನ್ನಡದಲ್ಲಿ ಗಾಳಿಯೂ ಸೋಂಕುತ್ತದೆ, ಕೈಯೂ ಸೋಂಕುತ್ತದೆ. ರೋಗದ ಅರ್ಥ ಆಮೇಲೆ ಅಂಟಿಕೊಂಡದ್ದು. ಮೈಗೆ ತಾಗಿದ್ದನ್ನು ಹೋಗಲಾಡಿಸುವುದು ತಾನೆ ನಿಮ್ಮ ಕೆಲಸ? ಮೂಲಾರ್ಥಕ್ಕೆ ಇದಕ್ಕಿಂತ ಹತ್ತಿರದ ಪದ ಸಿಗುವುದಿಲ್ಲ. ಧೈರ್ಯವಾಗಿ ಬಳಸಿ.

ಮಂಗಳೂರಿನಿಂದ:

ದಯವಿಟ್ಟು ಬಳಸಬೇಡಿ. ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುವವಳು. ಹಳಗನ್ನಡದಲ್ಲಿ ಏನಿತ್ತೋ ಇರಲಿ ಮೇಷ್ಟ್ರೇ, 2020ರ ನಂತರ ‘ಸೋಂಕು’ ಅಂದರೆ ವೈರಸ್ಸು, ‘ಸೋಂಕಿತ’ ಅಂದರೆ ಹತ್ತಿರ ಬರಬಾರದ ರೋಗಿ. ಸೋಂಕು ನಿವಾರಕ ಅಂದರೆ ಸ್ಯಾನಿಟೈಸರ್, ಬ್ಲೀಚಿಂಗ್ ಪೌಡರ್. ಆ ಬೋರ್ಡ್ ನೋಡಿ ಯಾರಾದರೂ ಸಹಾಯ ಮಾಡೋಣ ಅಂತ ಬ್ಲೀಚಿಂಗ್ ನೀರು ತಂದು ಸುರಿದರೆ? ಟ್ಯಾಂಕರಿನಲ್ಲಿ ಇದ್ದದ್ದು ಅಮೋನಿಯಾ ಆಗಿದ್ದರೆ ಎರಡೂ ಸೇರಿ ಕ್ಲೋರಮೈನ್ ಅನ್ನುವ ಇನ್ನೊಂದು ಕೆಟ್ಟ ಅನಿಲ ಏಳುತ್ತದೆ. ಬೋರ್ಡಿನ ಪದ ತಪ್ಪಿದರೆ ಕೈಯೂ ತಪ್ಪುತ್ತದೆ.

ಈ ಜಾಗ ಯಾಕೆ ಅಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲಿನಲ್ಲಿ ಸರಿನ್ ವಿಷ ಬಿಟ್ಟರು. ಬಹಳ ಜನ ಆಂಬುಲೆನ್ಸಿಗೆ ಕಾಯದೆ ನಡೆದುಕೊಂಡು, ಸಿಕ್ಕಿದ ಟ್ಯಾಕ್ಸಿ ಹತ್ತಿ ಆಸ್ಪತ್ರೆಗೆ ಬಂದರು. ಅವರ ಬಟ್ಟೆಯಿಂದ ಎದ್ದ ಆವಿಯಿಂದಲೇ ಡಾಕ್ಟರು, ನರ್ಸುಗಳಿಗೆ ಕಣ್ಣು ಮಂಜಾಯಿತು, ತಲೆನೋವು ಬಂತು. ಅಲ್ಲಿಂದ ಈಚೆಗೆ ಹಲವು ದೇಶಗಳ ಆರೋಗ್ಯ ಇಲಾಖೆಗಳು ಒಂದೇ ಮಾತು ಹೇಳುತ್ತಿವೆ. ಮೊದಲು ಬಟ್ಟೆ, ಆಮೇಲೆ ಬಾಗಿಲು. ಮೈಮೇಲೆ ಬಿದ್ದದ್ದರಲ್ಲಿ ಬಹುಪಾಲು ಹೊರಬಟ್ಟೆ ತೆಗೆದರೇ ಹೋಗುತ್ತದೆ.

ಶಿವಮೊಗ್ಗದಿಂದ:

ಸೋಂಕು ಬೇಡ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಸಂಸ್ಕೃತಕ್ಕೆ ಓಡಬೇಡಿ. ‘ನಂಜು’ ಇದೆಯಲ್ಲ! ನಂಜುಂಡ, ನಂಜನಗೂಡು ಅಂತ ದಿನಾ ಬಾಯಲ್ಲಿ ಆಡುವ ಪದ. ತಮಿಳಿನಲ್ಲೂ ನಂಜೇ, ಮಲಯಾಳಕ್ಕೂ ಹತ್ತಿರ. ಕೊಡಗಿನ ತೋಟಗಳಲ್ಲಿ ಆ ಭಾಷೆಯವರೂ ಇದ್ದಾರೆ. ಕೊರೆ-ಕೊರೆತ, ಇಳಿ-ಇಳಿತ ಇದ್ದ ಹಾಗೆ ಕಳೆ-ಕಳೆತ. ‘ನಂಜುಕಳೆತ’. ಜಾಗಕ್ಕೆ ‘ನಂಜುಕಳೆಮನೆ’. ಇಂಥ ಪದ ಕಟ್ಟುವ ತಾಕತ್ತು ಕನ್ನಡಕ್ಕೆ ಇದ್ದೇ ಇದೆ, ನಾವು ಬಳಸುತ್ತಿಲ್ಲ ಅಷ್ಟೆ.

ಗೋಣಿಕೊಪ್ಪದಿಂದ:

ತೋಟದಲ್ಲಿ ‘ಕಳೆ’ ಅಂದರೆ ಕೀಳಬೇಕಾದ ಹುಲ್ಲು ಸಾರ್. ಕಳೆ ತೆಗೆಯುವುದು, ಕಳೆಗೆ ಹೊಡೆಯುವುದು ಇಲ್ಲಿ ವರ್ಷಪೂರ್ತಿ ನಡೆಯುವ ಕೆಲಸ. ‘ನಂಜುಕಳೆಮನೆ’ ಅಂತ ಬರೆದರೆ ಕಳೆನಾಶಕ ಇಡುವ ಸ್ಟೋರ್ ರೂಮ್ ಅಂದುಕೊಂಡು ಅದರಿಂದ ದೂರ ನಿಲ್ಲುತ್ತಾರೆ. ನಿಮಗೆ ಬೇಕಾದದ್ದು ಅವರು ಅಲ್ಲಿಗೆ ಬರುವುದು.

ಇನ್ನೊಂದು ವಿಷಯ. ನಮ್ಮಲ್ಲಿ ಕೀಟನಾಶಕಕ್ಕೆ ಯಾರೂ ವಿಷ ಅನ್ನುವುದಿಲ್ಲ, ನಂಜು ಅನ್ನುವುದಿಲ್ಲ. ‘ಮದ್ದು’ ಅನ್ನುತ್ತಾರೆ, ಇಲ್ಲವೇ ‘ಔಷಧಿ’. ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಹೊಡೆದರೂ ಮದ್ದು, ಮೈಲುತುತ್ತು ಸುಣ್ಣ ಕಲಸಿ ಬೋರ್ಡೋ ಹೊಡೆದರೂ ಮದ್ದು. ಕೋವಿಗೆ ತುಂಬುವುದೂ ಮದ್ದು. ಜ್ವರಕ್ಕೆ ಕುಡಿಯುವುದೂ ಮದ್ದು. ಹೊಡೆದು ಬಂದವನು ಅದೇ ಅಂಗಿಯನ್ನು ಲೈನಿನ ಹಗ್ಗಕ್ಕೆ, ಮಕ್ಕಳ ಯೂನಿಫಾರ್ಮ್ ಪಕ್ಕ ನೇತು ಹಾಕುತ್ತಾನೆ. ಕಣ್ಣು ಉರಿಯುತ್ತದೆ, ಬಾಯಲ್ಲಿ ನೀರು ಒಸರುತ್ತದೆ, ಹೊಟ್ಟೆ ಹಿಂಡುತ್ತದೆ, ಆದರೂ ಅದು ಮದ್ದೇ. ಟ್ಯಾಂಕರ್ ಮಗುಚುವುದು ಯಾವತ್ತೋ ಒಂದು ದಿನ. ಇದು ಪ್ರತಿ ಹಂಗಾಮಿನಲ್ಲೂ ಇದೆ. ಹಾಗಾಗಿ ಕರಪತ್ರದಲ್ಲಿ ‘ರಾಸಾಯನಿಕ’ ಅಂತ ಮಾತ್ರ ಬರೆದರೆ ಇದು ತನಗೆ ಸಂಬಂಧಿಸಿದ್ದಲ್ಲ ಅಂತ ಮಡಚಿ ಇಡುತ್ತಾರೆ. ಒಂದು ಕಡೆಯಾದರೂ ‘ತೋಟಕ್ಕೆ ಹೊಡೆಯುವ ಮದ್ದು’ ಅಂತ ಸೇರಿಸಿ.

ಧಾರವಾಡದಿಂದ:

ಪಾರಿಭಾಷಿಕ ಪದಕ್ಕೂ ಸಂತೆಯ ಮಾತಿಗೂ ವ್ಯತ್ಯಾಸ ಬೇಡವೇ? ‘ನಿರ್ವಿಷೀಕರಣ’ ಸ್ಪಷ್ಟವಾಗಿದೆ. ತೆಲುಗಿನವರಿಗೂ ಮರಾಠಿಯವರಿಗೂ ತಿಳಿಯುತ್ತದೆ. ನಂಜು ಅಂದರೆ ಗಾಯಕ್ಕೆ ಏರುವ ನಂಜು ಅಂತಲೂ ಆಗುತ್ತದೆ, ಮತ್ತೆ ಸೋಂಕಿಗೇ ಬಂದು ನಿಂತಿರಿ. ಶಿವಮೊಗ್ಗದವರು ಪ್ರತಿ ಚರ್ಚೆಯಲ್ಲೂ ಇದೇ ಹಟ ಹಿಡಿಯುತ್ತಾರೆ.

ಶಿವಮೊಗ್ಗದಿಂದ:

ನಿರ್ವಿಷೀಕರಣ ಅಂದರೆ ದೇಹದೊಳಗಿನ ವಿಷ ತೆಗೆಯುವುದು. ಕುಡಿತ ಬಿಡಿಸುವ ಕೇಂದ್ರದವರು ಬಳಸುವ ಪದ ಅದು. ಇಲ್ಲಿ ತೆಗೆಯಬೇಕಾದದ್ದು ಮೈ ಮೇಲಿನದು. ಹಟ ಯಾರದ್ದು ಅಂತ ಓದುವವರೇ ನೋಡಲಿ.

ಮೈಸೂರಿನಿಂದ:

ಹಾಗಿದ್ದರೆ ‘ಮಡಿ’ ಯಾಕಾಗಬಾರದು? ಬಟ್ಟೆ ತೆಗೆದು, ನೀರು ಹಾಕಿಕೊಂಡು, ಶುಭ್ರವಾಗಿ ಒಳಗೆ ಬರುವುದಕ್ಕೆ ಇಡೀ ನಾಡಿಗೆ ಗೊತ್ತಿರುವ ಪದ.

ಗೋಣಿಕೊಪ್ಪದಿಂದ:

ಬೇಡ. ಮಡಿ ಅಂದಕೂಡಲೇ ಮೈಲಿಗೆ ಬರುತ್ತದೆ. ಲೈನ್ ಮನೆಯಲ್ಲಿರುವ ಎರವ, ಕುರುಬ ಬುಡಕಟ್ಟಿನವರ ಮುಂದೆ ಆ ಬೋರ್ಡ್ ನಿಲ್ಲಿಸಲು ನಾನಂತೂ ಬಿಡುವುದಿಲ್ಲ.

ಹಾಸನದಿಂದ:

ಇಷ್ಟು ಜಗಳ ಯಾಕೆ? ಫೈರ್ ಸರ್ವಿಸಿನವರು ‘ಡಿಕಾನ್’ ಅನ್ನುತ್ತಾರೆ. ಅದನ್ನೇ ಬರೆಯಿರಿ. ಲೈನ್, ರೈಟರ್, ಬಂಗಲೆ, ಎಸ್ಟೇಟು, ತೋಟದ ಮಾತಿನಲ್ಲಿ ಅರ್ಧ ಎರವಲೇ ಅಲ್ವಾ? ಟ್ಯಾಂಕರಿನ ಹಿಂದೆ ಇರುವ, ಒಳಗಿನ ರಾಸಾಯನಿಕದ ಅಪಾಯ ಸೂಚಿಸುವ ಹ್ಯಾಝ್‌ಕೆಮ್ ಫಲಕ ನೋಡಿ. ಅಮೋನಿಯಾಕ್ಕೆ 1005, ಕ್ಲೋರಿನ್‌ಗೆ 1017 ಅಂತ ವಿಶ್ವಸಂಸ್ಥೆಯ ನಂಬರ್. ಮೇಲೆ ಒಂದು ಸಂಕೇತ, ಅದರ ಕೊನೆಗೆ ‘ಇ’ ಅಕ್ಷರ ಇದ್ದರೆ ಸುತ್ತಲಿನವರನ್ನು ತೆರವು ಮಾಡಿಸುವ ಬಗ್ಗೆ ಯೋಚಿಸಬೇಕು ಅಂತ. ಅದನ್ನು ಯಾರಾದರೂ ಕನ್ನಡಕ್ಕೆ ತಂದಿದ್ದಾರಾ? ತರಲೂಬಾರದು. ಎಲ್ಲೆಡೆ ಒಂದೇ ಇರುವುದರಿಂದಲೇ ಅದು ಕೆಲಸಕ್ಕೆ ಬರುವುದು.

ಶಿವಮೊಗ್ಗದಿಂದ:

ಆ ಫಲಕ ಓದುವವರು ಫೈರ್‌ನವರು, ತರಬೇತಿ ಆದವರು. ಈ ಬೋರ್ಡ್ ಓದುವವಳು ಕಣ್ಣುರಿಯಲ್ಲಿ ಓಡಿ ಬಂದ ಹೆಂಗಸು. ‘ಡಿಕಾನ್’ ಅಂದರೆ ಅವಳಿಗೆ ಏನು ತಿಳಿಯುತ್ತದೆ? ಗೊತ್ತಿಲ್ಲದ ಇಂಗ್ಲಿಷ್ ಗೊತ್ತಿಲ್ಲದ ಸಂಸ್ಕೃತಕ್ಕಿಂತ ಮೇಲು ಅನ್ನುವ ವಾದ ಎಲ್ಲಿಂದ ಬಂತು? ಲೈನು, ಬಂಗಲೆ ಜನ ಬಳಸಿ ಬಳಸಿ ತಮ್ಮದು ಮಾಡಿಕೊಂಡ ಪದ. ಡಿಕಾನ್ ಹಾಗಲ್ಲ.

ಮಂಗಳೂರಿನಿಂದ:

ಶಿವಮೊಗ್ಗದವರ ಈ ಮಾತು ನೂರಕ್ಕೆ ನೂರು ಸರಿ. ನಂಜುಕಳೆತ ಬೇಡ ಅಷ್ಟೆ. ನನ್ನ ಅಭಿಪ್ರಾಯ ಏನೆಂದರೆ ಇಲ್ಲಿ ನಾಮಪದವೇ ಬೇಡ. ಕಡತಕ್ಕೆ ಏನು ಬೇಕಾದರೂ ಬರೆದುಕೊಳ್ಳಿ, ಬೋರ್ಡಿಗೆ ಕ್ರಿಯಾಪದ ಹಾಕಿ. ‘ಇಲ್ಲಿ ಹೊರಬಟ್ಟೆ ತೆಗೆಯಿರಿ. ಮೈ ತೊಳೆಯಿರಿ. ಆಮೇಲೆ ಆಸ್ಪತ್ರೆ.’

‘ಬಿಚ್ಚಿ’ ಬೇಡ, ‘ತೆಗೆಯಿರಿ’ ಸಾಕು. ‘ಹೊರಬಟ್ಟೆ’ ಅಂತಲೇ ಇರಲಿ. ಬರೀ ‘ಬಟ್ಟೆ’ ಅಂದರೆ ಹೆಂಗಸರು ಒಳಗೆ ಕಾಲಿಡುವುದಿಲ್ಲ, ನೇರ ಆಟೋ ಹತ್ತಿ ನಮ್ಮ ವಾರ್ಡಿಗೆ ಬರುತ್ತಾರೆ. ಪಕ್ಕದಲ್ಲೇ ‘ಹೆಂಗಸರಿಗೆ ಬೇರೆ ಮರೆ ಇದೆ, ಬದಲಿ ಬಟ್ಟೆ ಕೊಡುತ್ತೇವೆ’ ಅಂತ ಕಾಣುವ ಹಾಗೆ ಬರೆಸಿ, ಮತ್ತೆ ನಿಜವಾಗಿ ಇಡಿಸಿ ಕೂಡ. ಬನಿಯನ್, ಟೀ ಶರ್ಟ್, ನೈಟಿ ತಲೆ ಮೇಲಿಂದ ಎಳೆಯಬಾರದು, ಮುಖಕ್ಕೆ ಕಣ್ಣಿಗೆಲ್ಲ ಸವರಿಹೋಗುತ್ತದೆ. ಕತ್ತರಿಯಲ್ಲಿ ಮುಂದಿನಿಂದ ಸೀಳಬೇಕು. ಒಂದು ಚಿತ್ರ ಹಾಕಿ. ಪುಡಿ ಬಿದ್ದಿದ್ದರೆ ಮೊದಲು ಮೆಲ್ಲಗೆ ಕೊಡವಬೇಕು. ಆಸಿಡ್‌ನಂಥ ಸುಡುವ ದ್ರವವಾದರೆ ತಡಮಾಡದೆ ಧಾರಾಳ ನೀರು. ಉಜ್ಜಬಾರದು.

‘ಎಕ್ಸ್‌ಪೋಸ್ಡ್’ಗೆ ‘ತಗುಲಿದವರು’. ಬಾಧಿತರು, ಪೀಡಿತರು ಅನ್ನಬೇಡಿ. ಭೋಪಾಲದಲ್ಲಿ ‘ಗ್ಯಾಸ್ ಪೀಡಿತ’ ಅನ್ನುವುದು ಜನರ ಗುರುತೇ ಆಗಿಹೋಯಿತು. ಅನಿಲ ತಗುಲಿದವರೆಲ್ಲ ಕಾಯಿಲೆ ಬಿದ್ದವರಲ್ಲ, ಆದರೆ ಎಲ್ಲರ ಹೆಸರೂ ಪಟ್ಟಿಯಲ್ಲಿ ಇರಬೇಕು. ಯಾರು, ಎಲ್ಲಿ ನಿಂತಿದ್ದರು, ಎಷ್ಟು ಹೊತ್ತು, ಏನು ತೊಂದರೆ ಅಂತ ಅವತ್ತೇ ಬರೆದುಕೊಳ್ಳುವುದು ಆರೋಗ್ಯ ಇಲಾಖೆಯ ದೊಡ್ಡ ಕೆಲಸ. ಕೆಲವು ಅನಿಲಗಳಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವುದು ಗಂಟೆಗಟ್ಟಲೆ ತಡವಾಗಿ. ಪಟ್ಟಿ ಇಲ್ಲದಿದ್ದರೆ ಮನೆಗೆ ಹೋದವನನ್ನು ವಾಪಸ್ ಕರೆಯುವುದು ಹೇಗೆ? ಯಾವ ರಾಸಾಯನಿಕ ಅಂತ ಪತ್ತೆ ಮಾಡಿ ಆಸ್ಪತ್ರೆಗೆ ತಿಳಿಸುವುದು, ಅಟ್ರೋಪಿನ್‌ನಂಥ ಪ್ರತಿವಿಷದ ದಾಸ್ತಾನು, ಬಾವಿ ಮತ್ತು ತೋಡಿನ (ಹಳ್ಳದ) ನೀರು ಪರೀಕ್ಷೆ, ಯಾವಾಗ ಮನೆಗೆ ಮರಳಬಹುದು ಅಂತ ಹೇಳುವುದು, ಎಲ್ಲ ಅದರ ಜೊತೆಗೆ.

ಧಾರವಾಡದಿಂದ:

ಕ್ರಿಯಾಪದ ಬೋರ್ಡಿಗೆ ಸರಿ. ಆದರೆ ಜಿಲ್ಲಾಧಿಕಾರಿಗಳ ಆದೇಶದಲ್ಲಿ, ಬಜೆಟ್ಟಿನಲ್ಲಿ ಆ ಜಾಗಕ್ಕೆ ಹೆಸರು ಬೇಕೇ ಬೇಕು. 1996ರ ರಾಸಾಯನಿಕ ಅಪಘಾತಗಳ ನಿಯಮದ ಪ್ರಕಾರ ಜಿಲ್ಲೆಗೊಂದು ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು, ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅವರ ಟಿಪ್ಪಣಿಯಲ್ಲಿ ‘ಇಲ್ಲಿ ಬಟ್ಟೆ ತೆಗೆಯಿರಿ’ ಅಂತ ಬರೆಯುತ್ತೀರಾ?

ಗೋಣಿಕೊಪ್ಪದಿಂದ:

ಟಿಪ್ಪಣಿಗೆ ‘ತೊಳೆಯುವ ಘಟಕ’ ಅಂತ ಬರೆದರೆ ಯಾವ ಬಜೆಟ್ಟೂ ವಾಪಸ್ ಬರುವುದಿಲ್ಲ.

‘ಶೆಲ್ಟರ್ ಇನ್ ಪ್ಲೇಸ್’ಗೆ ‘ಆಶ್ರಯ’ ಪದ ಖಂಡಿತ ಬೇಡ. 2018ರ ಮಳೆಗಾಲ ಕಂಡವರಿಗೆ ಇಲ್ಲಿ ಆಶ್ರಯ ಅಂದರೆ ಪರಿಹಾರ ಕೇಂದ್ರ. ಮನೆ ಬಿಟ್ಟು ಹೊರಡು ಅಂತ ಅರ್ಥ. ನೀವು ಹೇಳಬೇಕಾದದ್ದು ಉಲ್ಟಾ. ‘ಮನೆಯೊಳಗೇ ಇರಿ. ಬಾಗಿಲು ಕಿಟಕಿ ಮುಚ್ಚಿ. ಫ್ಯಾನ್ ಆರಿಸಿ.’ 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಜನ ಕತ್ತಲಲ್ಲಿ ಓಡಿದರು, ಓಡಿದಷ್ಟೂ ಏದುಸಿರು, ಏದುಸಿರಿಗೆ ಇನ್ನಷ್ಟು ಅನಿಲ ಒಳಗೆ ಹೋಯಿತು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ ಅನ್ನುವ ಒಂದು ಮಾತನ್ನು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಆದರೆ ಇಂಗ್ಲಿಷ್ ಕರಪತ್ರ ಬರೆದವರು ನಮ್ಮ ಹಳೇ ಲೈನ್ ಮನೆ ನೋಡಿಲ್ಲ. ಗೋಡೆಗೂ ಶೀಟಿಗೂ ನಡುವೆ ಕೈ ತೂರುವಷ್ಟು ಸಂದಿ. ಕಿಟಕಿ ಮುಚ್ಚಿದರೂ ಹೊಗೆ ಹೋಗುವಲ್ಲಿ ಅನಿಲವೂ ಬರುತ್ತದೆ. ಅಂಥವರಿಗೆ ಶಾಲೆ, ಬಂಗಲೆ, ತಾರಸಿ ಇರುವ ಯಾವ ಕಟ್ಟಡ ಅಂತ ಮೊದಲೇ ಗೊತ್ತು ಮಾಡಿ ಹೆಸರು ಹಾಕಿ. ಇನ್ನು ಇಳಿಜಾರು. ಕ್ಲೋರಿನ್ ಗಾಳಿಗಿಂತ ಸುಮಾರು 2.5 ಪಟ್ಟು ಭಾರ, ರಸ್ತೆಯಲ್ಲಿ ಸೋರಿದ್ದು ನೀರಿನ ಹಾಗೆ ಕೆಳಗಿನ ಕಣಿವೆಗೆ ಇಳಿಯುತ್ತದೆ. ಅಮೋನಿಯಾ ಹಗುರ ಅಂತ ಓದಿದ್ದೇವೆ, ಆದರೆ ದ್ರವವಾಗಿ ಚೆಲ್ಲಿದಾಗ ತಣ್ಣನೆಯ ಮೋಡ ಮೊದಮೊದಲು ನೆಲ ಹಿಡಿದೇ ಹರಿಯುತ್ತದೆ. ಲೈನ್ ಮನೆಗಳು ಹೆಚ್ಚಾಗಿ ಎಲ್ಲಿವೆ? ಕೆಳಗೆ, ತೋಡಿನ ಹತ್ತಿರ. ಹಾಗಾಗಿ ‘ಗಾಳಿ ಬರುವ ದಿಕ್ಕಿಗೆ ಅಡ್ಡವಾಗಿ, ಮೇಲಕ್ಕೆ ಹೋಗಿ’ ಅಂತ ಸ್ಪಷ್ಟವಾಗಿ ಹಾಕಿ. ಇಲ್ಲದಿದ್ದರೆ ಎಲ್ಲರೂ ಅಭ್ಯಾಸಬಲದಿಂದ ಇಳಿಜಾರಿಗೇ ಓಡುತ್ತಾರೆ.

ಹಾಸನದಿಂದ:

ಜೋನ್‌ಗಳಿಗೆ ಕೆಂಪು, ಹಳದಿ, ಹಸಿರು ಹಾಕಿ ಮುಗಿಸಿ. ‘ವಲಯ’ ಕೂಡ ಬೇಡ, ‘ಕೆಂಪು ಗೆರೆ ದಾಟಬೇಡಿ’ ಸಾಕು.

ಮಡಿಕೇರಿಯಿಂದ:

ಎಲ್ಲರಿಗೂ ಧನ್ಯವಾದ. ಫ್ಲೆಕ್ಸಿಗೆ ಕೊಟ್ಟದ್ದು ಹೀಗೆ:

‘ರಾಸಾಯನಿಕ ಅಥವಾ ಮದ್ದು ತಗುಲಿದವರು ಮೊದಲು ಇಲ್ಲಿಗೆ ಬನ್ನಿ. ಹೊರಬಟ್ಟೆ ತೆಗೆಯಿರಿ. ಮೈ ತೊಳೆಯಿರಿ. ಹೆಸರು ಬರೆಸಿ. ಹೆಂಗಸರಿಗೆ ಬೇರೆ ಮರೆ ಇದೆ.’

ಕಡತಕ್ಕೆ ‘ತೊಳೆಯುವ ಘಟಕ’. ತಲೆ ಮೇಲಿಂದ ಎಳೆಯಬಾರದು ಅನ್ನುವುದಕ್ಕೆ ಕತ್ತರಿಯ ಚಿತ್ರ ಬರೆಯಲು ಒಬ್ಬರು ಒಪ್ಪಿದ್ದಾರೆ. ತಾರಸಿ ಕಟ್ಟಡಗಳ ಪಟ್ಟಿಯನ್ನು ಪಂಚಾಯಿತಿಯಲ್ಲಿ ಕೇಳಿದ್ದೇನೆ.

ಧಾರವಾಡದಿಂದ:

‘ಮದ್ದು ತಗುಲಿದವರು’ ವ್ಯಾಕರಣಕ್ಕೆ ಸರಿ, ಆದರೆ ಮಂಡ್ಯ, ಮೈಸೂರು ಕಡೆ ‘ಮದ್ದು ಹಾಕಿದರು’ ಅಂದರೆ ಮಾಟದ ಅರ್ಥವೂ ಇದೆ. ನನ್ನ ಆಕ್ಷೇಪ ದಾಖಲಾಗಲಿ.

ಗೋಣಿಕೊಪ್ಪದಿಂದ:

ಬೋರ್ಡ್ ನಿಲ್ಲುವುದು ಸಂಪಾಜೆಯಲ್ಲಿ.

ಮಡಿಕೇರಿಯಿಂದ:

ಒಂದು ಉಳಿದಿದೆ. ಏನೂ ತಗುಲದಿದ್ದರೂ ಹೆದರಿ ಆಸ್ಪತ್ರೆಗೆ ಬರುವವರಿಗೆ ಕರಪತ್ರದಲ್ಲಿ ‘ವರೀಡ್ ವೆಲ್’ ಅಂತಿದೆ. ‘ಸುಮ್ನೆ ಹೆದರಿದವರು’ ಅಂತ ಬರೆಯಲು ಮನಸ್ಸು ಬರುತ್ತಿಲ್ಲ, ಹೆದರುವುದರಲ್ಲಿ ಅವರ ತಪ್ಪೇನೂ ಇಲ್ಲ. ಕರಪತ್ರ ಅಚ್ಚಿಗೆ ಹೋಗುವುದು ಸೋಮವಾರ. ತೋಚಿದವರು ಬರೆಯಿರಿ. ಅರೆಭಾಷೆ, ಕೊಡವ ತಕ್ಕ್ ಬಲ್ಲವರು ಮೇಲಿನ ಬೋರ್ಡಿನ ಮಾತನ್ನು ತಮ್ಮ ಮಾತಿಗೆ ಮಾಡಿಕೊಟ್ಟರೆ ಅದನ್ನೂ ಕೆಳಗೆ ಹಾಕಿಸುತ್ತೇನೆ.